ಗೆಳೆಯನ ದೋಣಿಯಲ್ಲಿ ಗಾಳಕ್ಕೆ: ಮೀನಿಗಿಂತ ಮೊದಲು ವಾಪಸ್ ಬರುವ ಹೊತ್ತು ನೋಡಿ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಕಾಲೇಜಿನ ಗೆಳೆಯನೊಬ್ಬನ ಮನೆ ಕುಂದಾಪುರದ ಹತ್ತಿರ ಗಂಗೊಳ್ಳಿಯಲ್ಲಿದೆ. ಅವರಲ್ಲಿ ಒಂದು ಚಿಕ್ಕ ಫೈಬರ್ ದೋಣಿ ಇದೆ, ಔಟ್‌ಬೋರ್ಡ್ ಎಂಜಿನ್ ಹಾಕಿದ್ದು. ಡಿಸೆಂಬರ್‌ನಲ್ಲಿ ಒಂದು ದಿನ ಇಬ್ಬರೇ ಗಾಳ ಹಾಕಲು ಕಡಲಿಗೆ ಹೋಗೋಣ ಅಂತ ಕರೆದಿದ್ದಾನೆ. ದಡದಿಂದ ಎರಡು ಮೂರು ಕಿಲೋಮೀಟರ್ ಅಷ್ಟೇ ಅಂತೆ. ನಾನು ಕೆರೆಯಲ್ಲಿ ಮಾತ್ರ ಗಾಳ ಹಾಕಿದವನು. ಯಾವ ರಾಡ್ ತರಲಿ? ಯಾವ ಮೀನು ಸಿಗುತ್ತದೆ? ವಾಂತಿ ಆಗದಂತೆ ಏನು ಮಾಡಬೇಕು?

ಉತ್ತರ: ಮೂರಕ್ಕೂ ಉತ್ತರ ಹೇಳುತ್ತೇನೆ. ಆದರೆ ನೀವು ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ, ಅದು ಮೊದಲು. ವಾಪಸ್ ಎಷ್ಟು ಹೊತ್ತಿಗೆ ಬರುತ್ತೀರಿ?

ನಗಬೇಡಿ. ಕೆರೆಯಲ್ಲಿ ಬೇಜಾರಾದಾಗ ಗಾಳ ಸುತ್ತಿ ಬೈಕ್ ಹತ್ತಬಹುದು. ಕಡಲಲ್ಲಿ ನಿಮ್ಮ ಮನೆಗೂ ನಿಮಗೂ ನಡುವೆ ಒಂದು ಬಾಗಿಲು ಇರುತ್ತದೆ, ಅದು ಎಲ್ಲಾ ಹೊತ್ತಿಗೂ ತೆರೆದಿರುವುದಿಲ್ಲ. ಆ ಬಾಗಿಲಿನ ಹೆಸರು ಅಳಿವೆ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ಗಂಗೊಳ್ಳಿಯದು ಸಣ್ಣ ಅಳಿವೆಯೂ ಅಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ, ಈ ಐದೂ ಹೊಳೆಗಳ ನೀರು ಅಲ್ಲೇ ಕಡಲಿಗೆ ಸೇರುತ್ತದೆ, ಅದಕ್ಕೇ ಪಂಚಗಂಗಾವಳಿ ಅನ್ನುವುದು. ತೆಂಕಲಿಗೆ ಕೋಡಿ, ಬಡಗು ದಿಕ್ಕಿಗೆ ಗಂಗೊಳ್ಳಿ, ಮಧ್ಯೆ ಅಳಿವೆ. ಹೊಳೆ ತಂದ ಮರಳು ಅಳಿವೆ ಬಾಯಲ್ಲಿ ದಿಬ್ಬವಾಗಿ ಕೂರುತ್ತದೆ. ಅದು ಪ್ರತಿ ಮಳೆಗಾಲವೂ ಒಂದಿಷ್ಟು ಜಾಗ ಬದಲಿಸುತ್ತದೆ. ಹೋದ ವರ್ಷ ದೋಣಿ ಹೋದ ದಾರಿಯಲ್ಲೇ ಈ ವರ್ಷ ನೆಲ ತಾಗಬಹುದು.

ಈಗ ಕೇಳಿ. ಉಬ್ಬರದಲ್ಲಿ ಕಡಲ ನೀರು ಒಳಗೆ ಬರುತ್ತಿರುತ್ತದೆ, ಅಲೆಯೂ ಅದೇ ದಿಕ್ಕಿಗೆ. ಎರಡೂ ಜೊತೆಯಾಗಿ ಹೋಗುವುದರಿಂದ ಅಲೆ ಉದ್ದಕ್ಕೆ ಮಲಗಿದ ಹಾಗೆ ಇರುತ್ತದೆ. ಇಳಿತದಲ್ಲಿ ಹೊಳೆ ನೀರು ರಭಸದಿಂದ ಹೊರಗೆ ಓಡುತ್ತದೆ, ಅಲೆ ಎದುರಿಂದ ಬರುತ್ತದೆ, ಕೆಳಗೆ ಮರಳು ದಿಬ್ಬ ಬೇರೆ. ಆಗ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ಅಲ್ಲೇ ಒಡೆಯುತ್ತದೆ. ಚಿಕ್ಕ ದೋಣಿ ಮಗುಚುವುದು ಹೆಚ್ಚಾಗಿ ನಡುಕಡಲಲ್ಲಿ ಅಲ್ಲ, ದಡ ಕಣ್ಣಿಗೆ ಕಾಣುವ ಈ ಜಾಗದಲ್ಲಿ. ಅದೂ ವಾಪಸ್ ಬರುವಾಗ ಜಾಸ್ತಿ. ಹಿಂದಿನಿಂದ ಅಲೆ ಎತ್ತುತ್ತದೆ, ಮೂತಿ ನೀರಿಗೆ ಕುತ್ತುತ್ತದೆ, ದೋಣಿ ಅಡ್ಡ ತಿರುಗುತ್ತದೆ. ಮುಂದಿನ ಅಲೆ ಉಳಿದ ಕೆಲಸ ಮುಗಿಸುತ್ತದೆ.

ನನ್ನ ಕಥೆಯೇ ಹೇಳುತ್ತೇನೆ. ಸುಮಾರು ವರ್ಷಗಳ ಹಿಂದೆ, ಗೆಳೆಯನ ಜೊತೆ ಹೀಗೇ ಹೋಗಿದ್ದೆ. ಹತ್ತು ಗಂಟೆಗೆ ಅವನು ಲಂಗರು ಎತ್ತೋಣ ಅಂದ. ನನಗೆ ಆಗಷ್ಟೇ ಬಂಗುಡೆ ಸಿಗಲು ಶುರುವಾಗಿತ್ತು. ಒಂದು ದಾರಕ್ಕೆ ಮೂರು ನಾಲ್ಕು ಒಟ್ಟಿಗೆ ಬರುತ್ತಿವೆ, ಯಾರಿಗೆ ಮನೆ ನೆನಪಾಗುತ್ತದೆ ಹೇಳಿ? ಅರ್ಧ ಗಂಟೆ, ಅರ್ಧ ಗಂಟೆ ಅಂತ ಹನ್ನೆರಡೂವರೆ ಮಾಡಿದೆ. ಅಳಿವೆ ಹತ್ತಿರ ಬಂದರೆ ಬಾಯಿ ಪೂರ್ತಿ ಬೆಳ್ಳಗೆ ನೊರೆ. ಅವನು ಎಂಜಿನ್ ಸಣ್ಣ ಮಾಡಿ ಐದು ನಿಮಿಷ ಸುಮ್ನೆ ನೋಡಿದ. ಆಮೇಲೆ, "ಈಗ ಹೋಪುದ್ ಬ್ಯಾಡ ಮಾರಾಯ, ನೀರ್ ಇಳಿತಾ ಇತ್ತ್" ಅಂದ. ದೋಣಿ ತಿರುಗಿಸಿ ಹೊರಗೆ ಲಂಗರು ಹಾಕಿದ. ನೀರು ಮತ್ತೆ ಏರಲು ಶುರುವಾಗುವ ತನಕ, ಅಂದರೆ ಸಂಜೆಯವರೆಗೆ, ಆ ಬಿಸಿಲಲ್ಲಿ ಅಲ್ಲೇ ಕೂತೆವು. ಕುಡಿಯುವ ನೀರು ಒಂದು ಬಾಟಲಿ ಇತ್ತು, ಇಬ್ಬರಿಗೆ. ಮೀನಿನ ಮೇಲಿದ್ದ ಐಸ್ ಕರಗಿ ಹೋಯಿತು. ಅವನು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಜಾಸ್ತಿ ಆಗಿದ್ದು.

ಹಾಗಾಗಿ ದಿನ ಆರಿಸುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ನಮ್ಮ ಕಡೆ ಹಗಲಿನ ಉಬ್ಬರ ತುಂಬುವುದು ಹೆಚ್ಚುಕಡಿಮೆ 11 ಗಂಟೆಯ ಆಚೀಚೆ. ಹಾಗಾದರೆ ಅದಕ್ಕೆ ಒಂದೆರಡು ದಿನ ಮುಂಚೆ ಹತ್ತು ಗಂಟೆ ಸುಮಾರಿಗೆ ತುಂಬುತ್ತದೆ. ನಿಮಗೆ ಬೇಕಾದ್ದು ಅದೇ ದಿನ. ಬೆಳಿಗ್ಗೆ ಆರೂಕಾಲಿಗೆ ಹೊರಡುವಾಗಲೂ ನೀರು ಏರುತ್ತಿರುತ್ತದೆ, ಹತ್ತಕ್ಕೆ ವಾಪಸ್ ಬರುವಾಗ ಅಳಿವೆ ತುಂಬಿರುತ್ತದೆ. ಅಷ್ಟಮಿ ಹೊತ್ತಿಗೆ ಇದು ಪೂರ್ತಿ ಉಲ್ಟಾ. ಬೆಳಗಿನ ಜಾವ ತುಂಬಿ, ನೀವು ಮರಳುವ ಹೊತ್ತಿಗೆ ನೀರು ತಳ ಕಂಡಿರುತ್ತದೆ. ಇದು ಅಂದಾಜು ಅಷ್ಟೇ. ಮಲ್ಪೆ ಅಥವಾ ಮಂಗಳೂರಿನ ಟೈಡ್ ಟೇಬಲ್ ಫೋನಿನಲ್ಲೇ ಸಿಗುತ್ತದೆ, ನೋಡಿಯೇ ರಜೆ ಹಾಕಿ. ಶನಿವಾರ ಅಂತ ದಿನ ಗೊತ್ತು ಮಾಡಬೇಡಿ.

ಇನ್ನೊಂದು ಲೆಕ್ಕ ಗಾಳಿಯದು. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಮೂಡುಗಾಳಿ, ನೆಲದಿಂದ ಕಡಲಿಗೆ ತಣ್ಣಗೆ ಬೀಸುತ್ತದೆ, ನೀರು ಎಣ್ಣೆ ಸುರಿದ ಹಾಗೆ ನುಣ್ಣಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಎದ್ದಿರುತ್ತದೆ. ಹಾಯಿ ದೋಣಿ ಕಾಲದಲ್ಲಿ ಹಿರಿಯರು ಮೂಡುಗಾಳಿಗೆ ಹೋಗಿ ಪಡುಗಾಳಿಗೆ ಬರುತ್ತಿದ್ದರು, ಗಾಳಿಯೇ ಅವರ ಎಂಜಿನ್. ನಿಮಗೆ ಎಂಜಿನ್ ಇದೆ, ಪಡುಗಾಳಿ ಎಬ್ಬಿಸುವ ಅಲೆ ನಿಮಗೆ ಬೇಡ. ಉಬ್ಬರ ತುಂಬುವ ಹೊತ್ತು, ಪಡುಗಾಳಿ ಏಳುವ ಹೊತ್ತು, ಇವೆರಡರಲ್ಲಿ ಯಾವುದು ಮೊದಲೋ ಅದರೊಳಗೆ ಅಳಿವೆ ದಾಟಿ ಒಳಗೆ ಇರಬೇಕು. ಹಿಂದಿನ ದಿನ ಇನ್‌ಕಾಯಿಸ್‌ನವರ ಕಡಲ ಮುನ್ಸೂಚನೆ ನೋಡಿ. ಹೈದರಾಬಾದಿನ ಈ ಸಂಸ್ಥೆ ಅಲೆಯ ಎತ್ತರ, ಗಾಳಿ ಎರಡನ್ನೂ ಕೊಡುತ್ತದೆ. ಆದರೂ ಗೆಳೆಯನ ಮನೆಯ ಹಿರಿಯರು ಬೆಳಿಗ್ಗೆ ಅಂಗಳಕ್ಕೆ ಬಂದು ಆಕಾಶ ನೋಡಿ ಇವತ್ತು ಬೇಡ ಅಂದರೆ, ಬೇಡ. ವಾದ ಮಾಡಬೇಡಿ. ಆವತ್ತು ಹೊಳೆಯಲ್ಲೇ ಗಾಳ ಹಾಕಿ, ಅದೇನೂ ಕಮ್ಮಿ ಅಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ರಾಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆರೂವರೆ, ಏಳು ಅಡಿಯದ್ದು ಒಂದು, 3000 ಸೈಜಿನ ರೀಲ್, ಅದರಲ್ಲಿ 20 ಪೌಂಡ್ ಬ್ರೇಡ್, ಅಂದರೆ ಹೆಣೆದ ದಾರ. ತುದಿಗೆ ಒಂದು ಮಾರು ಉದ್ದ ದಪ್ಪ ತಂಗೂಸಿ, ಅಂದರೆ ಒಂದೇ ಎಳೆಯ ನೈಲಾನ್ ದಾರ. ಬೇರೇನೂ ಬೇಡ. ನಿಜ ಹೇಳಬೇಕೆಂದರೆ ನಿಮ್ಮ ಗೆಳೆಯ ಒಂದು ಹಳೇ ಬಾಟಲಿಗೆ ಸುತ್ತಿದ ತಂಗೂಸಿ ತೆಗೆದು ಬರೀ ಕೈಯಲ್ಲಿ ನಿಮಗಿಂತ ಎರಡು ಪಾಲು ಜಾಸ್ತಿ ಹಿಡಿಯುತ್ತಾನೆ, ಅದಕ್ಕೆ ಈಗಲೇ ತಯಾರಾಗಿ. ಕೆರೆಗೆ ಬಳಸುವ ರೀಲ್ ತಂದರೂ ನಡೆಯುತ್ತದೆ. ಆದರೆ ಮನೆಗೆ ಹೋದ ಕೂಡಲೇ ಸಿಹಿನೀರಲ್ಲಿ ತೊಳೆಯದಿದ್ದರೆ ಬೆಂಗಳೂರು ಮುಟ್ಟುವುದರೊಳಗೆ ಉಪ್ಪು ಹಿಡಿದಿರುತ್ತದೆ.

ಮೀನಿನ ವಿಷಯದಲ್ಲಿ ನನ್ನ ಸಲಹೆ ಒಂದೇ. ಮೊದಲ ದಿನ ಅಂಜಲ್ (ಸುರ್ಮಾಯಿ) ಆಸೆ ಇಟ್ಟುಕೊಳ್ಳಬೇಡಿ. ಅದು ದಡದ ಹತ್ತಿರಕ್ಕೂ ಬರುತ್ತದೆ, ಸುಳ್ಳಲ್ಲ. ಆದರೆ ಅದಕ್ಕೆ ದೋಣಿ ಓಡಿಸುತ್ತಲೇ ಇರಬೇಕು, ಹಲ್ಲು ಕತ್ತರಿ ಇದ್ದ ಹಾಗೆ ಇರುವುದರಿಂದ ತುದಿಗೆ ತಂತಿ ಕಟ್ಟಬೇಕು, ದಿನವಿಡೀ ಪೆಟ್ರೋಲ್ ಸುಟ್ಟು ಬರಿಗೈಯಲ್ಲಿ ಬಂದವರು ಬೇಕಾದಷ್ಟು ಜನ ಇದ್ದಾರೆ. ನೀವು ಕಾಣೆಗೆ ಹೋಗಿ.

ಕಾಣೆ ಅಂದರೆ ಹೋಟೆಲಿನಲ್ಲಿ ರವಾ ಹಾಕಿ ಹುರಿದು ಕೊಡುತ್ತಾರಲ್ಲ, ಅದೇ. ಉದ್ದ ಮೂತಿಯ, ಬೆರಳಿಗಿಂತ ಸ್ವಲ್ಪ ದಪ್ಪದ ಬೆಳ್ಳಿ ಮೀನು. ಮರಳು ತಳದಲ್ಲಿ ಗುಂಪಾಗಿ ಮೇಯುತ್ತದೆ. ಐದಾರು ಮಾರು ನೀರು ಇರುವಲ್ಲಿ, ತಳ ಮರಳು ಇರುವ ಕಡೆ ಲಂಗರು ಬಿಡಿ. ದಾರದ ತುದಿಗೆ ಈಯದ ಗುಂಡು, ಅದರ ಮೇಲೆ ಗೇಣು ಗೇಣು ಅಂತರದಲ್ಲಿ ಎರಡು ಸಣ್ಣ ಗಾಳ. ಅದರ ಬಾಯಿ ತೀರಾ ಚಿಕ್ಕದು, ನಿಮ್ಮ ಕೆರೆಯ ಗಾಳ ಇಲ್ಲಿ ನಡೆಯುವುದಿಲ್ಲ. ಚಟ್ಲಿ, ಅಂದರೆ ಸಿಗಡಿಯ ಸಿಪ್ಪೆ ತೆಗೆದು, ಕಡಲೆ ಬೇಳೆಯಷ್ಟು ಚೂರು ಮಾಡಿ, ಗಾಳದ ಮೊನೆ ಅಷ್ಟೇ ಮುಚ್ಚುವ ಹಾಗೆ ಸಿಕ್ಕಿಸಿ. ದೊಡ್ಡ ಚೂರು ಹಾಕಿದರೆ ಅದು ತುದಿ ಕಚ್ಚಿ ಎಳೆದುಕೊಂಡು ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಗುಂಡು ತಳ ಮುಟ್ಟಿದಾಗ ದಾರ ಸಡಿಲವಾಗುತ್ತದೆ. ಅಲ್ಲಿಂದ ಒಂದು ಗೇಣು ಎತ್ತಿ, ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಳ್ಳಿ. ಇದು ಕಣ್ಣಿನ ಕೆಲಸ ಅಲ್ಲ, ಬೆರಳಿನದು. ಅಲೆಗೆ ದೋಣಿ ಎದ್ದಾಗ ದಾರ ಒಮ್ಮೆ ಬಿಗಿಯುತ್ತದೆ, ಇಳಿದಾಗ ಸಡಿಲ, ಮತ್ತೆ ಬಿಗಿ. ಹತ್ತು ನಿಮಿಷ ಬೇಕು ಆ ತಾಳ ಕೈಗೆ ಹತ್ತಲು. ಆಮೇಲೆ ಆ ತಾಳದ ನಡುವೆ, ಯಾರೋ ಉಗುರಲ್ಲಿ ತಟ್ಟಿದ ಹಾಗೆ ಟಕ್ ಟಕ್ ಅಂತ ಎರಡು ಸಲ. ಅದೇ ಕಾಣೆ. ಕೆರೆಯಲ್ಲಿ ಎಳೆದ ಹಾಗೆ ಜಗ್ಗಬೇಡಿ, ಬಾಯಿ ಹರಿದು ಹೋಗುತ್ತದೆ. ಮಣಿಕಟ್ಟು ಮೇಲಕ್ಕೆ ಎತ್ತಿದರೆ ಸಾಕು, ಎತ್ತಿದ ಮೇಲೆ ನಿಲ್ಲಿಸದೆ ಒಂದೇ ಸಮನೆ ಸುತ್ತಿ. ಒಂದು ಸಿಕ್ಕಿತು ಅಂದರೆ ಅಲ್ಲಿ ಇನ್ನೂ ಇವೆ. ಅರ್ಧ ಗಂಟೆ ತಟ್ಟಲೇ ಇಲ್ಲ ಅಂದರೆ ಲಂಗರು ಎತ್ತಿ ಜಾಗ ಬದಲಿಸಿ.

ಬಂಗುಡೆ ಗುಂಪು ಬಂದರೆ ನೀರಿನ ಮೇಲೆ ಮಳೆ ಹನಿ ಬಿದ್ದ ಹಾಗೆ ಕಾಣುತ್ತದೆ, ಮೇಲೆ ಹಕ್ಕಿಗಳು ಇರುತ್ತವೆ. ಅದಕ್ಕೆ ಗರಿ ಕಟ್ಟಿದ ಐದಾರು ಸಣ್ಣ ಗಾಳಗಳ ಸರ ಸಿಗುತ್ತದೆ, ಅಂಗಡಿಯಲ್ಲಿ ಸಬಿಕಿ ಅಂತ ಕೇಳಿ. ಚೂರು ಸಿಕ್ಕಿಸುವ ಕೆಲಸವೇ ಇಲ್ಲ. ಗುಂಪಿನೊಳಗೆ ದೋಣಿ ನುಗ್ಗಿಸಿದರೆ ಮಾತ್ರ ಎಲ್ಲಾ ಚೆದುರಿ ಹೋಗುತ್ತವೆ.

ಹತ್ತು ಗಂಟೆಗೆ ಒಳಗೆ ಬಂದಿರಿ ಅಂತ ಇಟ್ಟುಕೊಳ್ಳಿ. ಮನೆಗೆ ಹೋಗಬೇಕಿಲ್ಲ. ಹೊಳೆಯೊಳಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ, ಬೇರು ನೀರಿಗೆ ಇಳಿದಿರುವ ಕಡೆ, ನೀರು ತುಂಬಿ ತಿರುಗುವ ಹೊತ್ತಿಗೆ ಕೆಂಬೇರಿ (ರೆಡ್ ಸ್ನ್ಯಾಪರ್), ಸೀಬಾಸ್ ಎರಡೂ ಮೀನು ಕಾದು ಕೂತಿರುತ್ತವೆ. ನೀರು ಇಳಿಯಲು ಶುರುವಾದಾಗ ಗಿಡದ ಬುಡದಲ್ಲಿದ್ದ ಸಣ್ಣ ಮೀನು, ಚಟ್ಲಿ ಎಲ್ಲಾ ಹೊರಗೆ ಬರಲೇಬೇಕಲ್ವಾ, ಇವು ಬಾಗಿಲಲ್ಲಿ ನಿಂತು ತಿನ್ನುತ್ತವೆ. ಜೀವಂತ ಚಟ್ಲಿ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕೆಂಬೇರಿ ಕಚ್ಚಿದ ಕೂಡಲೇ ಬೇರಿನೊಳಗೆ ನುಗ್ಗುತ್ತದೆ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಅದರ ತಲೆ ತಿರುಗಿಸಲು ಆಗಲಿಲ್ಲ ಅಂದರೆ ದಾರ ಹೋಯಿತು ಅಂತಲೇ ಲೆಕ್ಕ. ಸೀಬಾಸ್ ನೀರಿನಿಂದ ಹಾರಿ ತಲೆ ಕೊಡವುತ್ತದೆ. ಅದರ ಕಿವಿರಿನ ಮುಚ್ಚಳ ಬ್ಲೇಡಿನ ಹಾಗೆ, ಅಲ್ಲಿ ಬೆರಳು ಹಾಕಬೇಡಿ. ಮತ್ತೊಂದು ವಿಷಯ. ಸೀಬಾಸ್ ಚಿಕ್ಕದಿರುವಾಗ ಗಂಡು, ವರ್ಷಗಳು ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ತೀರಾ ದೊಡ್ಡದು ಸಿಕ್ಕಿದರೆ ಅದು ಮೊಟ್ಟೆ ಇಡುವ ತಾಯಿ. ನಾನು ಅಂಥದ್ದನ್ನು ಫೋಟೋ ತೆಗೆದು ಬಿಡುತ್ತೇನೆ. ನೀವು ಬಿಡಲೇಬೇಕು ಅಂತ ನಾನು ಹೇಳುವುದಿಲ್ಲ, ಎರಡು ಕೆಜಿಯದ್ದೇ ಸಾರಿಗೆ ಹೆಚ್ಚು ರುಚಿ ಅಂತ ಮಾತ್ರ ಹೇಳುತ್ತೇನೆ. ಹೊಳೆಯಲ್ಲಿ ಪಂಜರ ಹಾಕಿ ಮೀನು ಸಾಕುವವರು ಇದ್ದಾರೆ, ಅದರ ಹತ್ತಿರ ಗಾಳ ಬೀಸಬೇಡಿ. ನೀರಿನ ಮೇಲೆ ಬೆಂಡು ಸಾಲಾಗಿ ಕಂಡರೆ ಕೆಳಗೆ ಯಾರದೋ ಬಲೆ ಇದೆ ಅಂತ ಅರ್ಥ. ಸುತ್ತು ಹಾಕಿ ಹೋಗಿ. ಬಲೆ ಹರಿದರೆ ಅವರ ದುಡಿಮೆ ಹೋಗುತ್ತದೆ, ಪ್ರೊಪೆಲ್ಲರ್‌ಗೆ ಸುತ್ತಿದರೆ ನಿಮ್ಮ ಎಂಜಿನ್ ಹೋಗುತ್ತದೆ.

ಮುಟ್ಟಬಾರದ ಮೀನುಗಳು ಕೆಲವಿವೆ. ಮೀಸೆ ಇರುವ ತೇಡೆ ಬಂದರೆ ಅದರ ಬೆನ್ನಿನ ಮುಳ್ಳು ಮತ್ತು ಎರಡು ಬದಿಯ ಮುಳ್ಳು ವಿಷ. ಚಪ್ಪಟೆ ಮೈಯ ತೊರಕೆಯ (ಸ್ಟಿಂಗ್ ರೇ) ಬಾಲದಲ್ಲೂ ಮುಳ್ಳಿದೆ. ಇವು ಸಿಕ್ಕಿದರೆ ಗಾಳ ಬಿಡಿಸಲು ಹೋಗದೆ ದಾರ ಕತ್ತರಿಸಿ. ಚುಚ್ಚಿಸಿಕೊಂಡರೆ, ತಡೆಯಬಲ್ಲಷ್ಟು ಬಿಸಿ ನೀರಿನಲ್ಲಿ ಕೈ ಮುಳುಗಿಸಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಬೇಕು. ಆ ಬಿಸಿಗೆ ನೋವು ಇಳಿಯುತ್ತದೆ. ಚರ್ಮ ಸುಡುವಷ್ಟು ಬಿಸಿ ಬೇಡ, ಆಮೇಲೆ ಡಾಕ್ಟರ ಹತ್ತಿರ ಹೋಗಿ. ಅದಕ್ಕೇ ನಾನು ದೊಡ್ಡ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುತ್ತೇನೆ, ಚಹಾಕ್ಕೆ ಅಂತ ಎಲ್ಲರೂ ತಿಳಿದುಕೊಳ್ಳುತ್ತಾರೆ. ಚೆಂಡಿನ ಹಾಗೆ ಉಬ್ಬುವ ಮೀನು ಬಂದರೆ ವಾಪಸ್ ನೀರಿಗೆ ಹಾಕಿ, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ವಾಂತಿ. ಇದಕ್ಕೆ ನಾಚಿಕೆ ಬೇಡ, ಇಪ್ಪತ್ತು ವರ್ಷ ಕಡಲಿಗೆ ಹೋದವರಿಗೂ ಕೆಲವು ದಿನ ಆಗುತ್ತದೆ. ದೋಣಿ ಓಡುವಾಗ ಆಗುವುದು ಕಡಿಮೆ, ಹೆಚ್ಚಾಗಿ ಲಂಗರು ಹಾಕಿ ನಿಂತ ಮೇಲೆ ಶುರು. ಅದರಲ್ಲೂ ತಲೆ ಬಗ್ಗಿಸಿ ಸಣ್ಣ ಗಾಳಕ್ಕೆ ದಾರ ಪೋಣಿಸುವಾಗ. ಹಾಗಾಗಿ ಗಾಳಗಳನ್ನೆಲ್ಲ ಹಿಂದಿನ ರಾತ್ರಿ ಮನೆಯಲ್ಲೇ ಕಟ್ಟಿ, ಥರ್ಮಾಕೋಲ್ ತುಂಡಿಗೆ ಸುತ್ತಿ ಇಟ್ಟುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಹೊಟ್ಟೆ ಬಿರಿಯೆ ತಿಂದೂ ಹೋಗಬೇಡಿ. ಎರಡು ಇಡ್ಲಿ ಸಾಕು. ಬನ್ಸ್ ಆಸೆ ವಾಪಸ್ ಬಂದ ಮೇಲೆ ತೀರಿಸಿಕೊಳ್ಳಿ. ಮಾತ್ರೆ ತೆಗೆದುಕೊಳ್ಳುವುದಿದ್ದರೆ ಡಾಕ್ಟರನ್ನು ಕೇಳಿ, ಹೊರಡುವ ಮುಂಚೆಯೇ ತಗೊಳ್ಳಿ. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ತಲೆ ತಿರುಗಿದರೆ ದೂರದ ಗೆರೆ ನೋಡಿ, ಕೋಡಿಯ ದೀಪಸ್ತಂಭ ಕಂಡರೆ ಅದನ್ನೇ ನೋಡಿ. ಎಂಜಿನ್ ಹೊಗೆ ಬರುವ ಕಡೆ ಕೂರಬೇಡಿ.

ದೋಣಿಯ ಒಳಗಿನ ವಿಷಯ ನಿಮ್ಮ ಗೆಳೆಯನಿಗೆ ಗೊತ್ತಿರುತ್ತದೆ. ಆದರೂ ನೀವು ಕೇಳಿ, ತಪ್ಪು ತಿಳಿದುಕೊಳ್ಳುವುದಿಲ್ಲ. ಲೈಫ್ ಜಾಕೆಟ್ ಎರಡಿದೆಯಾ? ಇದ್ದರೆ ಸೀಟಿನ ಕೆಳಗೆ ಅಲ್ಲ, ಮೈ ಮೇಲೆ ಇರಬೇಕು, ಅಳಿವೆ ದಾಟುವಾಗಲಂತೂ ಕಡ್ಡಾಯ. ನಮ್ಮೂರಿನವರು ಇದಕ್ಕೆ ನಗುತ್ತಾರೆ. ನಗಲಿ, ಅವರು ಹೊಳೆಯಲ್ಲೇ ಹುಟ್ಟಿ ಈಜು ಕಲಿತವರು, ನೀವಲ್ಲ. ಪೆಟ್ರೋಲನ್ನು ಮೂರು ಪಾಲು ಮಾಡಿ. ಹೋಗಲು ಒಂದು, ಬರಲು ಒಂದು, ಕೈಯಲ್ಲಿ ಉಳಿಯಲು ಒಂದು. ಲಂಗರಿನ ಹಗ್ಗ ಆಳದ ಮೂರರಷ್ಟಾದರೂ ಇರಲಿ, ಅದನ್ನು ಯಾವಾಗಲೂ ಮೂತಿಗೇ ಕಟ್ಟಿ. ಹಿಂದಕ್ಕೆ ಕಟ್ಟಿದರೆ ಅಲೆ ಎಂಜಿನ್ ಕಡೆಯಿಂದ ಒಳಗೆ ನುಗ್ಗುತ್ತದೆ. ಇನ್ನೊಂದು ಸ್ಪಾರ್ಕ್ ಪ್ಲಗ್, ನೀರು ಎತ್ತಿ ಹಾಕಲು ಒಂದು ಡಬ್ಬ, ಪ್ಲಾಸ್ಟಿಕ್ ಚೀಲದಲ್ಲಿ ಫೋನು. ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಕಾವಲು ಪೊಲೀಸರದ್ದು 1093, ಎರಡೂ ಫೋನಿನಲ್ಲಿ ಇರಲಿ. ಆಧಾರ್ ಕಾರ್ಡ್ ಒಯ್ಯಿರಿ. 2008ರ ಮುಂಬೈ ದಾಳಿ ಆದ ಮೇಲೆ ಕಡಲಲ್ಲಿ ತಪಾಸಣೆ ಬಿಗಿಯಾಗಿದೆ, ಹೊಸ ಮುಖ ಕಂಡರೆ ಕೇಳಿಯೇ ಕೇಳುತ್ತಾರೆ. ಎಷ್ಟು ಗಂಟೆಗೆ ಬರುತ್ತೇವೆ ಅಂತ ಮನೆಯಲ್ಲಿ ಹೇಳಿ ಹೋಗಿ, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತಲೂ. ಡಿಸೆಂಬರ್ ಆದ್ದರಿಂದ ಕಡಲು ಸಮ. ಇದೇ ಪ್ರಶ್ನೆ ಜೂನ್‌ನಲ್ಲಿ ಕೇಳಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನಾಡದೋಣಿಗಳಿಗೆ ವಿನಾಯಿತಿ ಇದ್ದರೂ ಆ ಅಲೆ ಹೊಸಬರಿಗೆ ಅಲ್ಲ.

ಐಸ್ ಮರೆಯಬೇಡಿ. ಬಂಗುಡೆ ತಿಂದರೆ ಮೈ ತುರಿಸುತ್ತದೆ, ಮುಖ ಕೆಂಪಾಗುತ್ತದೆ ಅಂತ ಹೇಳುವವರು ಇರುತ್ತಾರಲ್ಲ, ಅವರಲ್ಲಿ ಎಷ್ಟೋ ಜನರಿಗೆ ಆಗಿರುವುದು ಅಲರ್ಜಿ ಅಲ್ಲ. ಬಿಸಿಲಿಗೆ ಬಿದ್ದ ಬಂಗುಡೆಯಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಒಮ್ಮೆ ಹುಟ್ಟಿದ ಮೇಲೆ ಎಷ್ಟು ಬೇಯಿಸಿದರೂ, ಎಷ್ಟು ಖಾರ ಹಾಕಿದರೂ ಹೋಗುವುದಿಲ್ಲ. ಮೀನಿನ ರುಚಿ, ವಾಸನೆಯಲ್ಲಿ ಅದು ಗೊತ್ತಾಗುವುದೂ ಕಷ್ಟ. ಪೆಟ್ಟಿಗೆಯಲ್ಲಿ ಪುಡಿ ಐಸ್ ಹಾಕಿ, ಅದಕ್ಕೆ ಸ್ವಲ್ಪ ಕಡಲ ನೀರು ಸೇರಿಸಿ ಗಂಜಿಯ ಹಾಗೆ ಮಾಡಿ, ಮೀನು ಗಾಳದಿಂದ ಬಿಡಿಸಿದ ಕೂಡಲೇ ಅದರೊಳಗೆ ಮುಳುಗಿಸಿ. ಬರೀ ಐಸ್ ಗಡ್ಡೆಯ ಮೇಲೆ ಇಟ್ಟದ್ದಕ್ಕಿಂತ ಬೇಗ ತಣಿಯುತ್ತದೆ.

ಕೊನೆಗೆ ಒಂದು. ಪೆಟ್ರೋಲಿಗೆ ದುಡ್ಡು ಕೊಡಲು ಹೋದರೆ ನಿಮ್ಮ ಗೆಳೆಯ ತಗೊಳ್ಳುವುದಿಲ್ಲ, ಬೇಜಾರೂ ಮಾಡಿಕೊಳ್ಳಬಹುದು. ಹೊರಡುವ ಮುಂಚೆ ಕ್ಯಾನ್ ನೀವೇ ತುಂಬಿಸಿ ತನ್ನಿ. ವಾಪಸ್ ಬಂದ ಮೇಲೆ ಮೀನು ಹಿಡಿದುಕೊಂಡು ಮನೆಗೆ ಓಡದೆ ಅವನ ಜೊತೆ ದೋಣಿ ತೊಳೆಯಲು ನಿಲ್ಲಿ. ಚಟ್ಲಿ ಸಿಪ್ಪೆ, ಬಂಗುಡೆ ರಕ್ತ, ದೋಣಿಯ ಒಳಮೈಗೆ ಅಂಟಿದ ಕಾಣೆಯ ಹುರುಪೆ, ಎಲ್ಲಾ ಹಸಿ ಇರುವಾಗಲೇ ತಿಕ್ಕಿದರೆ ಹತ್ತು ನಿಮಿಷದ ಕೆಲಸ. ಒಣಗಿದ ಮೇಲೆ ಉಗುರಲ್ಲಿ ಕೆರೆದರೂ ಬರುವುದಿಲ್ಲ, ಅದನ್ನು ಮರುದಿನ ಅವನೊಬ್ಬನೇ ಕೆರೆಯಬೇಕಾಗುತ್ತದೆ.